ಪರವಾನಗಿ ಇಲ್ಲದ ದನಿ

ನನ್ನ ಅಂಗೈ ಕಂಪ್ಯೂಟರಿಗೆ ಒಂದು ಬಾಲವಿದೆ. ನಮ್ಮ ರೊಸಾರಿಯೊ ನಗರದ ಬಸ್ಸಿನಲ್ಲಿ ಅದನ್ನು ಚೀಲದಿಂದ ಹೊರಗೆ ತೆಗೆದರೆ ಸಾಕು, ಎದುರಿಗೆ ಕೂತವರ ಕಣ್ಣು ಅದರ ಮೇಲೆಯೇ. ನೋಡಲಿಕ್ಕೆ ಫೋನಿನ ಹಾಗೆಯೇ ಇದ್ದರೂ ಅದರಿಂದ ಯಾರಿಗೂ ಫೋನ್ ಮಾಡಲಾಗುವುದಿಲ್ಲ. ಒಳಗಿರುವ ಫೋನಿನ ಚಿಪ್ಪಿಗೂ ವೈಫೈ ಚಿಪ್ಪಿಗೂ ಜೀವ ತುಂಬುವ ಪ್ರೋಗ್ರಾಮನ್ನು ಕಂಪನಿಯವರು ಯಾರಿಗೂ ಬಿಚ್ಚಿ ತೋರಿಸುವುದಿಲ್ಲ. ಬಿಚ್ಚಿ ತೋರಿಸದ್ದನ್ನು ನಾವು ಹಾಕಿಕೊಳ್ಳುವುದಿಲ್ಲ. ಹಾಗಾಗಿ ಆ ಎರಡೂ ಚಿಪ್ಪುಗಳು ಒಳಗೆ ಸುಮ್ಮನೆ ಬಿದ್ದಿವೆ. ಇಂಟರ್ನೆಟ್ ಬೇಕಾದಾಗ ಬದಿಗೆ ಹೆಬ್ಬೆರಳಿನಷ್ಟು ಉದ್ದದ ಹಳೇ ಅಡಾಪ್ಟರ್ ಸಿಕ್ಕಿಸಬೇಕು. ಅದೊಂದರ ಪ್ರೋಗ್ರಾಮನ್ನು ಮಾತ್ರ ಯಾರೋ ಪುಣ್ಯಾತ್ಮರು ಎಲ್ಲರಿಗೂ ತೆರೆದು ಕೊಟ್ಟಿದ್ದಾರೆ. ಬಾಲ ಎನ್ನುವುದು ಅದನ್ನೇ.

ನಾವು ಎಂದರೆ ಶನಿವಾರದವರು. ಪಿಚಿಂಚಾ ಬಡಾವಣೆಯ ವಾಚನಾಲಯದ ಹಿಂದಿನ ಕೋಣೆಯಲ್ಲಿ ಸೇರುತ್ತೇವೆ. ಯಾರು ಬೇಕಾದರೂ ಓದಬಹುದಾದ, ತಿದ್ದಬಹುದಾದ, ಪಕ್ಕದವರಿಗೆ ಕೊಡಬಹುದಾದ ಮುಕ್ತ ತಂತ್ರಾಂಶವನ್ನು ಬಿಟ್ಟು ಬೇರೇನನ್ನೂ ಯಂತ್ರದೊಳಗೆ ಬಿಟ್ಟುಕೊಳ್ಳುವುದಿಲ್ಲ ಎಂದು ಹಠ ಹಿಡಿದ ಜನ. ನನ್ನ ತಂಗಿ ನಮ್ಮನ್ನು 'ಉಪವಾಸದವರು' ಎನ್ನುತ್ತಾಳೆ. ಅವಳು ಒಂದು ಸಲ ಬಂದು ನಾವು ಖಾಲಿ ಮಾಡುವ ಫಾಕ್ತುರಾಗಳನ್ನು, ಅಂದರೆ ಬೇಕರಿಯ ಸಿಹಿ ಬನ್ನುಗಳನ್ನು, ನೋಡಿದರೆ ಆ ಮಾತು ವಾಪಸ್ ತೆಗೆದುಕೊಳ್ಳುತ್ತಾಳೆ.

ನನ್ನನ್ನು ಅಲ್ಲಿಗೆ ಕರೆದೊಯ್ದವನು ನಜರೇನೊ ಇಬರ್ಸಾಬಲ್. ಹಳೇ ರೈಲು ನಿಲ್ದಾಣದ ಬಳಿ ಅವನದೊಂದು ರೇಡಿಯೊ ರಿಪೇರಿ ಅಂಗಡಿ ಇತ್ತು. ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಕಾಲ ಹೇಗಿದೆ ನೋಡಿ, ಕಳ್ಳರು ನಮ್ಮ ಬೀದಿಯ ತಾಮ್ರದ ತಂತಿಯನ್ನು ಕಿತ್ತುಕೊಂಡು ಹೋದ ಮೇಲೆ ನನ್ನ ಮನೆಯಲ್ಲೇ ಟೆಲಿಫೋನ್ ಇಲ್ಲ. ಕೈಯಲ್ಲಿ ಹಿಡಿದು ತಿರುಗುವ ಫೋನ್ ಕೊಳ್ಳೋಣವೆಂದು ಅವನ ಅಂಗಡಿಗೆ ಹೋದೆ. ಅವನು ತಲೆಯೆತ್ತದೆ ಕೇಳಿದ:

"ಅದರೊಳಗೆ ಏನಿದೆ ಅಂತ ಗೊತ್ತಾ ನಿನಗೆ?"

"ಗೊತ್ತಿಲ್ಲ."

"ಮಾರೋನಿಗೂ ಗೊತ್ತಿಲ್ಲ. ಶನಿವಾರ ಬಾ."

ಮೊದಲ ಸಲ ನೋಡಿದವಳನ್ನು ಏಕವಚನದಲ್ಲಿ ಮಾತಾಡಿಸುವ ಗಂಡಸರನ್ನು ಕಂಡರೆ ನನಗೆ ಆಗುವುದಿಲ್ಲ. ಆದರೂ ಶನಿವಾರ ಹೋದೆ. ಅವನ ದನಿ ಅಂಥದ್ದು. ಜೀವನವಿಡೀ ಕಿವಿಗೆ ಯಂತ್ರ ಕಟ್ಟಿಕೊಂಡು ಊರಿನವರ ದನಿಗಳನ್ನೆಲ್ಲ ಕೇಳಿದವಳು ನಾನು. ಸುಳ್ಳು ಹೇಳುವವನ ದನಿ, ಜ್ವರ ಬಂದವನ ದನಿ, ಹೆಂಡತಿ ಪಕ್ಕದಲ್ಲಿರುವಾಗಿನ ದನಿ, ಎಲ್ಲವೂ ಗೊತ್ತಾಗುತ್ತಿತ್ತು. ಆದರೆ ಯಾವ ದನಿಗೂ ನಾನು ಕೆಲಸ ಬಿಟ್ಟು ಎದ್ದು ಹೋದವಳಲ್ಲ.

ನಮ್ಮ ಕೋಣೆಯಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿಯಿದೆ. ಒಬ್ಬರ ಯಂತ್ರದ ಗುಂಡಿಯನ್ನು ಇನ್ನೊಬ್ಬರು ಒತ್ತುವಂತಿಲ್ಲ. ಪಕ್ಕದಲ್ಲಿ ಕೂತು ಹೇಳಿಕೊಡಬಹುದು, ಬೈಯಬಹುದು, ತಲೆ ಚಚ್ಚಿಕೊಳ್ಳಬಹುದು. ಒತ್ತುವುದು ಮಾತ್ರ ಯಂತ್ರದ ಒಡೆಯನ ಬೆರಳೇ ಆಗಬೇಕು. ನಜರೇನೊ ನನ್ನ ಪಕ್ಕ ಕೂತು ಕೈ ಬೆನ್ನ ಹಿಂದೆ ಕಟ್ಟಿಕೊಂಡು ಕಲಿಸಿದ. ಅಷ್ಟು ಶನಿವಾರಗಳಲ್ಲಿ ಅವನ ಕೈ ನನ್ನ ಕೈಗೆ ಒಂದು ಸಲವೂ ತಾಗಲಿಲ್ಲ. ಪದ್ಧತಿಗೆ ಶಾಪ ಹಾಕಿದ್ದೇನೆ.

ಒಂದು ಮಧ್ಯಾಹ್ನ ದನಿ ಹಿಡಿದಿಡುವ ಪ್ರೋಗ್ರಾಮನ್ನು ಕಲಿಸುತ್ತಿದ್ದ. ಪರೀಕ್ಷೆಗೆಂದು ಅವನೇ ಮಾತಾಡಿದ, ನಾನು ಗುಂಡಿ ಒತ್ತಿದೆ. ಏನು ಮಾತಾಡಿದ ಎಂದು ಹೇಳಿದರೆ ನೀವು ನಗುತ್ತೀರಿ. ಮಾತಾಡಲು ಏನೂ ಇಲ್ಲದವನು ಆಡುವ ಮಾತು, ಒಂದು ನಿಮಿಷಕ್ಕೂ ಕಡಿಮೆ. ಪರೀಕ್ಷೆ ಮುಗಿದ ಮೇಲೆ ಅಳಿಸಬೇಕಿತ್ತು. ನಾನು ಅಳಿಸಲಿಲ್ಲ.

ಆಮೇಲೆ ಅವನ ಅಕ್ಕನ ಗಂಡ ತೀರಿಕೊಂಡರು. ನಜರೇನೊ ಅಂಗಡಿ ಮುಚ್ಚಿ, ನದಿಯಾಚೆಯ ವಿಕ್ಟೋರಿಯಾ ಊರಿಗೆ, ಅಕ್ಕನ ಜೇನುಪೆಟ್ಟಿಗೆಗಳನ್ನು ನೋಡಿಕೊಳ್ಳಲು ಹೊರಟ. ಹೊರಡುವ ಮುಂಚೆ ವಾಚನಾಲಯದ ಮೆಟ್ಟಿಲ ಮೇಲೆ ಕೇಳಿದ:

"ನೀನೂ ಬರ್ತೀಯಾ?"

ಏಪ್ರಿಲ್ ಹತ್ತಿರ ಬಂದಿತ್ತು. ಏಪ್ರಿಲ್ ಎಂದರೆ ನಮಗೆ ಹಬ್ಬ. ಊರಿನವರೆಲ್ಲ ತಮ್ಮ ಯಂತ್ರಗಳನ್ನು ಹೊತ್ತು ತರುತ್ತಾರೆ, ನಾವು ಪಕ್ಕದಲ್ಲಿ ಕೂತು ಮುಕ್ತ ತಂತ್ರಾಂಶ ಹಾಕಿಸುತ್ತೇವೆ.

"ಹಬ್ಬ ಮುಗೀಲಿ," ಎಂದೆ.

"ಸರಿ. ಮುಗೀಲಿ," ಎಂದ.

ಹಬ್ಬ ಪ್ರತಿ ವರ್ಷ ಬಂತು, ಪ್ರತಿ ವರ್ಷ ಮುಗಿಯಿತು. ನಾನು ಹೋಗಲಿಲ್ಲ. ಅವನು ಅಲ್ಲಿನ ಗ್ರಂಥಾಲಯಕ್ಕೆ ಹೋಗಿ, ಬಾಲ ಸಿಕ್ಕಿಸಿ ನನಗೆ ಮೇಲ್ ಬರೆಯುತ್ತಿದ್ದ. ಜೇನಿನ ಸುದ್ದಿ, ನದಿಯ ನೆರೆಯ ಸುದ್ದಿ, ಅಕ್ಕನ ಬೈಗುಳದ ಸುದ್ದಿ. ಬರಬರುತ್ತ ಅವು ಕಡಿಮೆಯಾದವು. ಹೋದ ಚಳಿಗಾಲದಿಂದ ಒಂದೂ ಇಲ್ಲ. ಮುನಿಸಿಕೊಂಡಿದ್ದಾನೆ ಎಂದುಕೊಂಡೆ, ನಾನೂ ಬರೆಯಲಿಲ್ಲ. ನನಗೇನು ಕಡಿಮೆ? ಸಂಜೆ ನೀರು ಕಾಯಿಸಿ, ಮಾಟೆ ಎಲೆಯ ಕಹಿ ಕಷಾಯ ಮಾಡಿಕೊಂಡು, ಅಡುಗೆಮನೆಯ ಮೇಜಿನ ಮೇಲೆ ಯಂತ್ರವನ್ನಿಟ್ಟು ಅವನ ದನಿ ಹಾಕುತ್ತಿದ್ದೆ. ಮನುಷ್ಯ ನದಿಯಾಚೆ ಇದ್ದರೇನು, ದನಿ ನನ್ನ ಮನೆಯಲ್ಲಿತ್ತು. ಅಷ್ಟಕ್ಕೇ ತೃಪ್ತಿಪಟ್ಟುಕೊಂಡ ನನ್ನ ಬುದ್ಧಿಗೆ ಏನು ಹೇಳಲಿ.

ಈ ಏಪ್ರಿಲಿನಲ್ಲಿ ದೀನೊ ಜನುತ್ತೀನಿ ಒಂದು ಹೊಸ ಪ್ರೋಗ್ರಾಮ್ ಬರೆದು ತಂದ. ನಮ್ಮಲ್ಲಿ ಅವನಷ್ಟು ಮಡಿವಂತ ಇನ್ನೊಬ್ಬನಿಲ್ಲ. ಇನ್ನೂ ನಲವತ್ತಾಗಿಲ್ಲ, ಮಾತು ಮಾತ್ರ ಮಠದ ಹಿರಿಯನದು. ಅವನ ಪ್ರೋಗ್ರಾಮಿನ ಹೆಸರು ಜರಡಿ. ಯಂತ್ರದಲ್ಲಿರುವ ಪ್ರತಿಯೊಂದನ್ನೂ, ಹಾಡು, ಚಿತ್ರ, ಅಕ್ಷರ ಏನನ್ನೂ ಬಿಡದೆ ಅದು ಜಾಲಾಡುತ್ತದೆ. 'ಇದನ್ನು ಯಾರು ಬೇಕಾದರೂ ಬಳಸಬಹುದು, ಹಂಚಬಹುದು' ಎಂದು ಅದನ್ನು ಮಾಡಿದವನು ಬರೆದುಕೊಟ್ಟ ಪರವಾನಗಿ ಇದ್ದರೆ ಉಳಿಸುತ್ತದೆ. ಇಲ್ಲದಿದ್ದರೆ ತೆಗೆಯಲೇ ಎಂದು ಕೇಳುತ್ತದೆ.

ಹಬ್ಬದ ದಿನ ಕೋಣೆ ತುಂಬ ಜನ. ನನ್ನ ಯಂತ್ರವೇ ಮೊದಲು ಜರಡಿ ಹಿಡಿಸಿಕೊಳ್ಳಬೇಕೆಂದು ನಾನೇ ಮುಂದೆ ನುಗ್ಗಿದೆ. ಜಂಬ, ಮತ್ತೇನಲ್ಲ. ನನ್ನ ಫೋಟೊಗಳಿಗೆಲ್ಲ, ಅಡುಗೆಯ ಟಿಪ್ಪಣಿಗಳಿಗೂ ಪರವಾನಗಿ ಬರೆದಿಟ್ಟಿದ್ದೆ. ಜರಡಿ ಓಡಿತು. ಕೊನೆಗೆ ತೆರೆಯ ಮೇಲೆ ಒಂದೇ ಸಾಲು ಉಳಿಯಿತು.

"ಒಂದೇ ಒಂದು ಉಳ್ಕೊಂಡಿದೆ, ದೊನ್ಯಾ ಒಫೆಲಿಯಾ," ಎಂದ ದೀನೊ, ಹಿರಿಯ ಹೆಂಗಸರನ್ನು ಗೌರವದಿಂದ ಕರೆಯುವ 'ದೊನ್ಯಾ'ವನ್ನು ಮರೆಯದೆ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು. "ಏನು ಅಂತ ಓದಿ, ಆಮೇಲೆ ಒತ್ತಿ."

"ಓದೋದೇನಿದೆ? ಯಾವುದೋ ಕಸ. ಜನ ಕಾಯ್ತಿದ್ದಾರೆ."

ಒತ್ತಿದೆ. ತೆರೆ ಹಸಿರಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಪೂರ್ತಿ ಶುದ್ಧವಾದ ಮೊದಲ ಯಂತ್ರ ಎಂದು ದೀನೊ ಸಾರಿದ. ನಾನು ಮದುವಣಗಿತ್ತಿಯ ಹಾಗೆ ನಕ್ಕೆ.

ಸಂಜೆ ಮನೆಗೆ ಬಂದು, ನೀರು ಕಾಯಿಸಿ, ದನಿ ಹಾಕಹೊರಟರೆ ಅದು ಇಲ್ಲ.

ಯಾರಿಗೂ ಕಾಣದಿರಲೆಂದು ಅದನ್ನು ಮರೆಯಾದ ಒಂದು ಜಾಗದಲ್ಲಿಟ್ಟಿದ್ದೆ. ನನ್ನ ಕಣ್ಣಿಗೆ ಮರೆಯಾದದ್ದು ಜರಡಿಗೂ ಮರೆ ಎಂದು ಭಾವಿಸಿದ್ದೆ. ಪರವಾನಗಿಯನ್ನು ನಾನೇ ಬರೆದುಕೊಳ್ಳಬಹುದಿತ್ತು ಎನ್ನುತ್ತೀರಾ? ಆ ದನಿ ನನ್ನದಲ್ಲ. ಕೊಡಬೇಕಾದವನು ಅವನು. ಕೇಳಿದ್ದರೆ, 'ಅದನ್ನ ಇನ್ನೂ ಇಟ್ಕೊಂಡಿದೀಯಾ?' ಎನ್ನುತ್ತಿದ್ದ. ಆ ಪ್ರಶ್ನೆಗೆ ಇದ್ದ ಉತ್ತರ ಹೇಳುವ ಧೈರ್ಯ ನನಗಿರಲಿಲ್ಲ.

ಮರುದಿನ ಭಾನುವಾರ. ದೀನೊನ ಮನೆಯ ಬಾಗಿಲು ಬಡಿದಾಗ ಅವನು ಅಮ್ಮ ಮಾಡಿದ ರವಿಯೊಲಿ, ಅಂದರೆ ಹೂರಣ ತುಂಬಿದ ಪುಟ್ಟ ಕಡುಬು, ತಿನ್ನುತ್ತಿದ್ದ. ನನ್ನ ಮುಖ ನೋಡಿ ತಟ್ಟೆ ಬಿಟ್ಟು ಎದ್ದ. ಮಧ್ಯಾಹ್ನವೆಲ್ಲ ಕೂತು ಅಳಿಸಿದ್ದನ್ನು ಹೆಕ್ಕುವ ಪ್ರೋಗ್ರಾಮುಗಳನ್ನು ಒಂದೊಂದಾಗಿ ನನ್ನ ಕೈಯಿಂದಲೇ ಓಡಿಸಿದ. ಏನೂ ಸಿಗಲಿಲ್ಲ. ಈ ಯಂತ್ರದ ನೆನಪಿನ ಚಿಪ್ಪು ಅಳಿಸಿದ ಜಾಗವನ್ನು ತಾನಾಗಿಯೇ ಒರೆಸಿಬಿಡುತ್ತದಂತೆ.

"ಇನ್ನೊಂದು ಪ್ರತಿ ಎಲ್ಲಿದೆ, ದೊನ್ಯಾ?" ಎಂದು ಕೇಳಿದ.

"ಇಲ್ಲ."

"ವಾಚನಾಲಯದ ಡಿಸ್ಕಲ್ಲಿ? ಎಲ್ಲರದ್ದೂ ಅಲ್ಲಿ ಇದೆಯಲ್ಲ."

"ಅಲ್ಲಿಟ್ರೆ ಎಲ್ಲರೂ ಕೇಳ್ತಿದ್ರು."

ಹಂಚಿ, ಪ್ರತಿ ಮಾಡಿ, ಪಕ್ಕದವರಿಗೆ ಕೊಡಿ ಎಂದು ಊರಿಗೆಲ್ಲ ಸಾರಿದ ಹೆಂಗಸು ನಾನು. ಹಂಚಿದ್ದೆಲ್ಲ ಹತ್ತಾರು ಕಡೆ ಕ್ಷೇಮವಾಗಿತ್ತು. ನನಗೊಬ್ಬಳಿಗೇ ಇರಲಿ ಎಂದು ಬಚ್ಚಿಟ್ಟದ್ದೊಂದೇ ಹೋಯಿತು. ಅವನ ಅಮ್ಮನ ಅಡುಗೆಮನೆಯಲ್ಲಿ ನಾನು ಗೊಳೋ ಎಂದು ಅತ್ತೆ. ಆಕೆ ಗಾಬರಿಯಾಗಿ ನನ್ನ ಮುಂದೆ ಒಂದು ತಟ್ಟೆ ರವಿಯೊಲಿ ತಂದಿಟ್ಟಳು.

"ಯಾರ ದನಿ ಅದು?" ಎಂದ ದೀನೊ ಮೆಲ್ಲಗೆ.

"ನಜರೇನೊಂದು."

"ಅವರು ಬದುಕಿದ್ದಾರಲ್ಲ?"

"ಬದುಕಿದ್ದಾನೆ. ಯಾಕಪ್ಪ ಹಾಗಂತೀಯಾ?"

"ಅಲ್ಲ ದೊನ್ಯಾ, ವಿಕ್ಟೋರಿಯಾ ಇರೋದು ಸೇತುವೆ ಆಚೆ. ಸತ್ತೋರಿಗೆ ಅಳೋ ಹಾಗೆ ಅಳ್ತಿದ್ದೀರಲ್ಲ, ಅದಕ್ಕೆ ಕೇಳ್ದೆ. ಬಸ್ ಇದೆ."

ಕೆನ್ನೆಗೆ ಬಾರಿಸಿದ ಹಾಗಾಯಿತು. ಬಾರಿಸಿಕೊಳ್ಳಬೇಕಾದ ಕೆನ್ನೆಯೇ.

ಸೋಮವಾರ ಬೆಳಿಗ್ಗೆ ನಾನು ಹತ್ತಿದ ಬಸ್ಸು ಸೇತುವೆ ದಾಟಿ ದ್ವೀಪಗಳ ನಡುವೆ ಓಡುವಾಗ ಕಿಟಕಿಯಾಚೆ ನೀರು, ಹುಲ್ಲು, ನೀರಿನಲ್ಲಿ ನಿಂತ ದನಗಳು. ಇಷ್ಟು ಹತ್ತಿರವಿತ್ತೇ ಎಂದು ನನಗೆ ನನ್ನ ಮೇಲೆಯೇ ರೇಗಿತು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಮೊದಲು ಮೇಲ್ ಬರೆಯದ್ದಕ್ಕೆ ಬೈಯುವುದು. ಆಮೇಲೆ, ಮಾತಿನ ನಡುವೆ, ಏನೂ ಅಲ್ಲವೆಂಬಂತೆ, 'ಇನ್ನೊಂದು ಸಲ ಮಾತಾಡು, ಹಿಡಿದಿಟ್ಕೋತೀನಿ' ಎನ್ನುವುದು. ಪರವಾನಗಿಯನ್ನೂ ಕೇಳುವುದು. ಎಲ್ಲವೂ ಸರಿಯಾಗಿ ಕೂತಿತ್ತು.

ಬಾಗಿಲು ತೆರೆದವಳು ಅವನ ಅಕ್ಕ ಕ್ಲೊತಿಲ್ದೆ. ಗಟ್ಟಿಮುಟ್ಟಾದ ಹೆಂಗಸು, ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತಿದ್ದಳು.

"ನೀನೇನಾ ಒಫೆಲಿಯಾ? ಅಂತೂ ಬಂದ್ಯಾ ಮಹಾರಾಣಿ. ಸೇತುವೆ ಬಿದ್ದುಹೋಗಿದೆ ಅಂದ್ಕೊಂಡಿದ್ದೆ."

"ಅವನಿದ್ದಾನಾ?"

"ಹಿತ್ತಲಲ್ಲಿ. ಅವನು ನಿಂಗೆ ಬರೆದಿದ್ದಾನೆ ತಾನೆ?"

"ಏನನ್ನ?"

ಅವಳ ಕೈ ಏಪ್ರನ್ನಿನಲ್ಲೇ ನಿಂತಿತು. ಅಷ್ಟರಲ್ಲಿ ನಜರೇನೊ ಹಿಂಬಾಗಿಲಿನಿಂದ ಒಳಗೆ ಬಂದ. ತೆಳ್ಳಗಾಗಿದ್ದ, ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕುತ್ತಿಗೆಗೆ ನೀಲಿ ಕರವಸ್ತ್ರ ಕಟ್ಟಿಕೊಂಡಿದ್ದ. ನನ್ನನ್ನು ನೋಡಿ ನಿಂತಲ್ಲೇ ನಿಂತ. ನಾನು ಲೆಕ್ಕ ಹಾಕಿಕೊಂಡಿದ್ದಂತೆ ಶುರು ಹಚ್ಚಿಕೊಂಡೆ.

"ಏನಯ್ಯಾ, ಬೆರಳು ಮುರಿದಿದ್ಯಾ? ಚಳಿಗಾಲದಿಂದ ಒಂದು ಸಾಲು ಬರೆಯೋಕೆ ಆಗ್ಲಿಲ್ವಾ? ಬದುಕಿದ್ದಾಳೋ ಸತ್ತಳೋ ಅಂತಾದ್ರೂ ಕೇಳ್ಬಾರ್ದಾ?"

ಅವನು ನಕ್ಕ. ಬಾಯಿ ಆಡಿತು. ದನಿ ಬರಲಿಲ್ಲ.

ಜೇಬಿನಿಂದ ತನ್ನ ಅಂಗೈ ಕಂಪ್ಯೂಟರ್ ತೆಗೆದ. ನನ್ನದರ ಜೋಡಿ ಅದು. ಹೆಬ್ಬೆರಳುಗಳಿಂದ ಏನೋ ಬರೆದು ಗುಂಡಿ ಒತ್ತಿದ. ಯಂತ್ರ ಮಾತಾಡಿತು. ಬರೆದದ್ದನ್ನು ಓದುವ ಆ ಪ್ರೋಗ್ರಾಮ್ ನನಗೂ ಗೊತ್ತು, ಅದೂ ಮುಕ್ತವೇ. ಆದರೆ ಅದರ ದನಿ ತಗಡಿನ ಡಬ್ಬಿಯೊಳಗೆ ಕೂತ ನೆಗಡಿಯವನದು.

"ಗಂಟಲಲ್ಲಿ ಗಡ್ಡೆ ಇತ್ತು. ಕೊಯ್ದು ತೆಗೆದ್ರು. ಅದ್ರ ಜೊತೆ ದನಿಪೆಟ್ಟಿಗೆನೂ ಹೋಯ್ತು. ಹಬ್ಬ ಮುಗೀತಾ?"

ನಾನು ಕುರ್ಚಿ ಎಲ್ಲಿದೆಯೆಂದು ನೋಡದೆ ಕೂತೆ. ಪುಣ್ಯಕ್ಕೆ ಅಲ್ಲೊಂದು ಕುರ್ಚಿ ಇತ್ತು.

"ಆಸ್ಪತ್ರೆಯೋರು ಕುತ್ತಿಗೆಗೆ ಒತ್ಕೊಂಡು ಮಾತಾಡೋ ಯಂತ್ರ ಕೊಟ್ಟಿದ್ರು," ಎಂದಳು ಕ್ಲೊತಿಲ್ದೆ. "ಗುಂಯ್ ಅನ್ನತ್ತೆ. ಅದ್ನ ಇಟ್ಕೊಂಡು ಹಿತ್ತಲಿಗೆ ಹೋದ, ಜೇನು ಅಟ್ಟಿಸ್ಕೊಂಡು ಬಂತು. ಆವತ್ತೇ ಡ್ರಾಯರಿಗೆ ಎಸೆದ."

"ಯಾಕೆ ಹೇಳ್ಲಿಲ್ಲ ನಂಗೆ?" ಎಂದು ಅವನನ್ನು ಕೇಳಿದೆ.

ಅವನು ಬರೆದ. ಬರೆಯುವಷ್ಟು ಹೊತ್ತೂ ಕಾಯಬೇಕು. ಕಾಯುವಾಗ ಅವನ ಬೆರಳುಗಳನ್ನು ನೋಡುತ್ತಿದ್ದೆ.

"ಹೇಳಿದ್ರೆ ಅಯ್ಯೋ ಪಾಪ ಅಂತ ಬರ್ತಿದ್ದೆ. ಹಾಗೆ ಬರೋದು ಬೇಡ ಅನ್ನಿಸ್ತು. ಮತ್ತೆ ನಿನ್ನ ಹತ್ರ ನನ್ನ ಹಳೇ ದನಿ ಇತ್ತಲ್ಲ. ಅಲ್ಲಿ ನಾನಿನ್ನೂ ಮಾತಾಡ್ತಿದ್ದೀನಿ ಅಂತ ಸಮಾಧಾನ."

"ಅದನ್ನ ನಾನು ಇಟ್ಕೊಂಡಿದ್ದೀನಿ ಅಂತ ನಿಂಗೆ ಹೇಗೆ ಗೊತ್ತು?"

"ಅಳಿಸೋ ಗುಂಡಿ ಒತ್ತೋವಾಗ ನಿನ್ನ ಬೆರಳು ಹಿಂದೆ ಹೋಗಿದ್ದು ನೋಡಿದ್ದೆ."

ಎಲ್ಲವನ್ನೂ ಆಗಲೇ ನೋಡಿದ್ದ, ನೋಡಿಯೂ ಸುಮ್ಮನಿದ್ದ. ನಾನೂ ಸುಮ್ಮನಿದ್ದೆ. ಸುಮ್ಮನಿರುವುದರಲ್ಲಿ ಇಬ್ಬರೂ ಇಷ್ಟು ವರ್ಷ ಪೈಪೋಟಿ ನಡೆಸಿದ್ದೆವು.

ಕ್ಲೊತಿಲ್ದೆ ಕುರ್ಚಿ ಎಳೆದುಕೊಂಡು ನನ್ನೆದುರು ಕೂತಳು. ಅಷ್ಟು ಹೊತ್ತಿನ ಒರಟುತನವೆಲ್ಲ ಇಳಿದಿತ್ತು. "ಹಾಕಮ್ಮ ಅದನ್ನ, ಸ್ವಲ್ಪ ಕೇಳ್ತೀನಿ. ಹಾಳಾದೋನು ಬೇರೆ ಯಾರ ಫೋನಲ್ಲೂ ತನ್ನ ದನಿ ಹಿಡಿದಿಡೋಕೆ ಬಿಡ್ಲಿಲ್ಲ. ನಮ್ಮ ಹತ್ರ ಒಂದು ಚೂರೂ ಇಲ್ಲ. ಇವನು ನನ್ನನ್ನ ಹೇಗೆ ಕರೀತಿದ್ದ ಅನ್ನೋದೇ ಮರೆತುಹೋಗ್ತಿದೆ."

ನಜರೇನೊನೂ ನನ್ನ ಚೀಲದ ಕಡೆ ನೋಡುತ್ತಿದ್ದ. ಮಕ್ಕಳು ಮಿಠಾಯಿ ನೋಡುವ ಹಾಗೆ ನೋಡುತ್ತಿದ್ದ.

ಸುಳ್ಳು ಹೇಳಬಹುದಿತ್ತು, ಬ್ಯಾಟರಿ ಮುಗಿದಿದೆ ಎಂದೋ, ಯಂತ್ರ ಮನೆಯಲ್ಲಿ ಮರೆತೆ ಎಂದೋ. ಹೇಳಲಿಲ್ಲ. ಜರಡಿಯ ಕಥೆಯನ್ನು, ಹಸಿರು ತೆರೆಯನ್ನು, ಚಪ್ಪಾಳೆಯನ್ನು, ಎಲ್ಲವನ್ನೂ ನೆಲ ನೋಡುತ್ತ ಹೇಳಿದೆ. "ನಾನೇ ಒತ್ತಿದೆ. ಓದದೆ ಒತ್ತಿದೆ. ಲೋಕದಲ್ಲಿ ನಿನ್ನ ದನಿ ಇದ್ದದ್ದು ಅದೊಂದೇ ಕಡೆ, ಅದನ್ನ ನಾನು ಕಸ ಅಂದೆ."

ತಲೆಯೆತ್ತಿದಾಗ ಅವನ ಭುಜಗಳು ಕುಲುಕುತ್ತಿದ್ದವು. ಅಳುತ್ತಿದ್ದಾನೆ ಎಂದುಕೊಂಡೆ. ನಗುತ್ತಿದ್ದ. ಸದ್ದಿಲ್ಲದ ನಗುವಿನಲ್ಲಿ ಕಣ್ಣಲ್ಲಿ ನೀರು ಬಂದಿತ್ತು. ಬರೆದ. ನೆಗಡಿಯವನು ಓದಿದ:

"ಜರಡಿ ಸರಿಯಾಗೇ ಕೆಲಸ ಮಾಡಿದೆ. ನಾನು ಪರವಾನಗಿ ಕೊಟ್ಟಿರ್ಲಿಲ್ಲ. ದೀನೊಗೆ ನನ್ನ ಶಹಬ್ಬಾಸ್ ಹೇಳು."

"ನಗಬೇಡ," ಎಂದೆ. "ನಿನ್ನ ಕಾಲು ಹಿಡೀತೀನಿ, ನಗಬೇಡ."

ಅವನ ನಗು ನಿಂತಿತು. ಚಿಕ್ಕದೊಂದು ಸಾಲು ಬರೆದ.

"ಏನಿತ್ತು ಅದ್ರಲ್ಲಿ? ನಂಗೆ ನೆನಪೇ ಇಲ್ಲ."

ನನಗೆ ನೆನಪಿತ್ತು. ಎಕ್ಸ್‌ಚೇಂಜಿನಲ್ಲಿ ಒಂದು ತುದಿಯವರು ಹೇಳಿದ್ದನ್ನು ಇನ್ನೊಂದು ತುದಿಗೆ ಹೇಳಿದ ಬಾಯಿ ಇದು, ಅದೂ ದಿನಾ ಸಂಜೆ ಕೇಳಿದ್ದು. ಕಣ್ಣು ಮುಚ್ಚಿಕೊಂಡೆ. ಮೊದಲು ಅವನು ಗಂಟಲು ಸರಿಮಾಡಿಕೊಳ್ಳುತ್ತಿದ್ದ, ನಾನೂ ಮಾಡಿಕೊಂಡೆ. ಅವನು ಎಳೆಯುತ್ತಿದ್ದಲ್ಲಿ ಎಳೆದು, ತಡೆಯುತ್ತಿದ್ದಲ್ಲಿ ತಡೆದು ಹೇಳಿದೆ:

"ಒಂದು, ಎರಡು... ಕೆಂಪು ಚುಕ್ಕಿ ಬಂತಾ? ಏನ್ ಹೇಳ್ಲಿ ಈಗ... ನಾನು ನಜರೇನೊ. ಇದು ರೊಸಾರಿಯೊ. ಹೊರಗೆ ಮೋಡ ಹಾಕಿದೆ. ಇಲ್ಲಿ ಒಫೆಲಿಯಾ ಅಂತ ಒಬ್ಬಳಿದ್ದಾಳೆ, ಬನ್ನೆಲ್ಲ ತಾನೇ ತಿಂದು ನನ್ನ ಮುಂದೆ ಖಾಲಿ ಕಾಗದ ಇಟ್ಟಿದ್ದಾಳೆ. ನಾಳೆ ಕ್ಲೊತಿಯನ್ನ ನೋಡೋಕೆ ಹೋಗ್ಬೇಕು, ಅವಳು ಮತ್ತೆ ಜೇನು ಕೊಡ್ತಾಳೆ, ಮನೇಲಿ ಇಡೋಕೆ ಜಾಗ ಇಲ್ಲ. ಸಾಕಾ? ನಿಲ್ಸು, ಒಫೇ. ಯಾವ್ದು ಒತ್ಬೇಕು ಅಂತ ಹೇಳಿದ್ನಲ್ಲ..."

ಕಣ್ಣು ಬಿಟ್ಟೆ. ಕ್ಲೊತಿಲ್ದೆ ಏಪ್ರನ್ನನ್ನು ಮುಖಕ್ಕೆ ಒತ್ತಿಕೊಂಡಿದ್ದಳು. "ಕ್ಲೊತಿ," ಎಂದಳು ಬಟ್ಟೆಯೊಳಗಿಂದ. "ಹೌದು, ಹಾಗೇ ಕರೀತಿದ್ದ." ಎದ್ದು, ಸೌದೆ ತರುತ್ತೇನೆಂದು ಹೊರಗೆ ಹೋದಳು. ಒಲೆಯ ಪಕ್ಕದಲ್ಲಿ ಸೌದೆ ಬೇಕಾದಷ್ಟಿತ್ತು.

ಇಬ್ಬರೇ ಉಳಿದೆವು. ಅವನು ಮತ್ತೆ ಹೇಳು ಎಂಬಂತೆ ಬೆರಳು ಸುತ್ತಿಸಿ ತೋರಿಸಿದ. ಹೇಳಿದೆ. ತನ್ನದೇ ದನಿಯನ್ನು ಬೇರೆಯವರ ಮನೆಯಲ್ಲಿ ಕಂಡವನಂತೆ, ತಲೆ ಓರೆ ಮಾಡಿ ಕೇಳಿದ. ಹೇಳುತ್ತ ಹೇಳುತ್ತ ನನಗೆ ಬೇರೆಯೇ ಒಂದು ಸಂಕಟ ಹತ್ತಿಕೊಂಡಿತು. ಇಷ್ಟು ವರ್ಷ ಒಂದೇ ಮೋಡದ ಮಧ್ಯಾಹ್ನವನ್ನು ಮತ್ತೆ ಮತ್ತೆ ಕೇಳಿದ್ದೆ. ಅಷ್ಟು ಕಾಲ ಈ ಅಡುಗೆಮನೆಯಲ್ಲಿ ಇವನು ಎಷ್ಟು ಮಾತಾಡಿರಬೇಕು, ಜೇನಿಗೆ, ಅಕ್ಕನಿಗೆ, ನೆರೆಯವರಿಗೆ. ಒಂದನ್ನೂ ನಾನು ಕೇಳಲಿಲ್ಲ. ಕಳೆದುಹೋದದ್ದು ಒಂದು ನಿಮಿಷದ ದನಿಯಲ್ಲ.

"ನಾನು ಆವತ್ತೇ ಬರ್ಬೇಕಿತ್ತು, ನಜರೇನೊ," ಎಂದೆ. "ಮೆಟ್ಟಿಲ ಮೇಲೆ ನೀನು ಕೇಳ್ದಾಗಲೇ."

ಅವನು ಉತ್ತರ ಬರೆಯತೊಡಗಿದ. ಅರ್ಧಕ್ಕೆ ನಿಲ್ಲಿಸಿದ. ಯಂತ್ರವನ್ನು ಮಗುಚಿ ಮೇಜಿನ ಆ ತುದಿಗೆ ತಳ್ಳಿದ. ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು, ನನ್ನ ಎರಡೂ ಕೈಗಳನ್ನು ಹಿಡಿದ. ಆಮೇಲೆ ಬರೀ ತುಟಿಗಳಿಂದ, ನಿಧಾನವಾಗಿ, ಹೇಳಿದ.

ಹೋಗಬೇಡ ಎಂದ.

ಮೊದಲ ಸಲಕ್ಕೇ ಅರ್ಥವಾಯಿತು. ಇಷ್ಟು ಸ್ಪಷ್ಟವಾಗಿ ಯಾರ ಮಾತೂ ನನಗೆ ಯಾವತ್ತೂ ಅರ್ಥವಾದದ್ದಿಲ್ಲ.

"ಗೊತ್ತಾಗ್ಲಿಲ್ಲ," ಎಂದೆ. "ಇನ್ನೊಂದು ಸಲ ಹೇಳು."